ಡ್ರಿಪ್ಪೋ, ಪೆನ್ನೋ?

ಧೈರ್ಯವಂತರಿಗೆ ನಗೆಯ ಪ್ರಸಂಗಗಳು ಹೆಚ್ಚು ಒದಗುವುದಿಲ್ಲ. ಅವು ವಿಳಾಸ ಹುಡುಕಿಕೊಂಡು ಬರುವುದು ಹೆದರಿ ನಡುಗುವವರ ಮನೆಗೇ. ಆ ಒಂದು ವರ್ಷ ನನ್ನಲ್ಲಿಗಂತೂ ಬಾಗಿಲು ಬಡಿಯದೆ ಒಳಗೆ ಬಂದು ಚಾಪೆ ಹಾಸಿಕೊಂಡು ಕೂತವು.

ವಿಷಯ ಇಷ್ಟು. ನನಗೆ ಕ್ರೋನ್ಸ್ ಎಂಬ ಕಾಯಿಲೆ. ಮೈಯ ಕಾವಲುಗಾರರೇ ಮನೆಯವರನ್ನು ಕಳ್ಳರೆಂದು ತಿಳಿದು ಬಡಿಯುತ್ತಾರೆ, ಪೆಟ್ಟು ತಿನ್ನುವುದು ಕರುಳು. ಹುಣ್ಣು, ನೋವು, ರಕ್ತ, ಎಲ್ಲಿ ಹೋದರೂ ಮೊದಲು ಪಾಯಿಖಾನೆ ಎಲ್ಲಿದೆಯೆಂದು ಹುಡುಕುವ ಕಣ್ಣು. ತೊಂಬತ್ತರ ದಶಕದ ಕೊನೆಯಲ್ಲಿ ಶುರುವಾದಾಗ ಮುಂಬೈಯಲ್ಲಿ ಕರುಳಿನ ಕ್ಷಯ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಆಮೇಲೆ ಕಾಯಿಲೆಯ ಹೆಸರು ಬದಲಾಯಿತು, ನೋವು ಬದಲಾಗಲಿಲ್ಲ. ಒಂದು ಸಲ ಹೊಟ್ಟೆ ಕೊಯ್ದು ಕರುಳಿನ ತುಂಡು ತೆಗೆದೂ ಆಯಿತು. ನಾನು ಪ್ರವಾಸಿಗಳ ಗುಂಪು ಕಟ್ಟಿಕೊಂಡು ದೇಶ ದೇಶ ತೋರಿಸುವ ಕೆಲಸದಲ್ಲಿದ್ದೆ. ಜನ ಪಿರಮಿಡ್ಡಿನ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ನಾನು ಪಿರಮಿಡ್ಡಿನ ಹಿಂದೆ ಎಂತ ವ್ಯವಸ್ಥೆ ಇದೆ ಎಂದು ವಿಚಾರಿಸುತ್ತಿದ್ದೆ. ಕಡೆಗೆ ಕೆಲಸ ಬಿಟ್ಟು ಕುಮಟೆಗೆ ಬಂದು ಅತ್ತೆಯ ಮನೆಯಲ್ಲಿ ಕೂತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ಇಡೀ ಕೇರಿಗೆ ಬುದ್ಧಿ ಹೇಳಿಕೊಂಡಿದ್ದವಳಿಗೆ ನಾನು ಸಿಕ್ಕಿದ್ದು ಹಬ್ಬವಾಯಿತು.

ಮಂಕಿಯ ಮನೆ

ಭಟ್ಕಳದಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಬಸ್ಸಿನಲ್ಲಿ ಕುಮಟೆಗೆ ಬರುತ್ತಿದ್ದೆ. ಮಂಕಿ ಹತ್ತಿರ ಬರುವಾಗ ಹೊಟ್ಟೆ ಹಿಂಡತೊಡಗಿತು.

ಕಂಡಕ್ಟರಿಗೆ, "ಇಲ್ಲೇ ಇಳಿಸಿ" ಅಂದೆ.

"ಇಲ್ಲಿ ಸ್ಟಾಪಿಲ್ಲ ಅಕ್ಕಾ. ಹೊನ್ನಾವರ ಬಂದೇ ಬಂತು."

"ಹೊನ್ನಾವರ ಬರುವ ಮೊದಲು ಬೇರೆ ಏನಾದರೂ ಬಂದೀತು."

ಅವನು ನನ್ನ ಮುಖ ನೋಡಿದವನೇ ಸೀಟಿ ಊದಿದ. ಇಳಿದು ಓಡಿದೆ. ರಸ್ತೆಯ ಪಕ್ಕದಲ್ಲಿ ಮೊದಲು ಸಿಕ್ಕ ಮನೆಗೆ ಮಾವಿನ ತೋರಣ ಕಟ್ಟಿತ್ತು. ಅಂಗಳ ಸಾರಿಸಿ ಕುರ್ಚಿ ಹಾಕಿದ್ದರು. ಒಬ್ಬ ಹೆಂಗಸು ಚೊಂಬಿನಲ್ಲಿ ನೀರು ಹಿಡಿದು ಎದುರಿಗೇ ಬಂದಳು.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಾ ಇದ್ದೆವು. ಉಳಿದವರೆಲ್ಲಿ?"

ಆ ಹೊತ್ತಿಗೆ ನನ್ನ ಬುದ್ಧಿಯೆಲ್ಲ ಹೊಟ್ಟೆಯ ಕೆಳಗೆ ಇಳಿದಿತ್ತು. "ಹಿಂದೆ ಬರ್ತಿದ್ದಾರೆ. ಪಾಯಿಖಾನೆ ಎಲ್ಲಿ?" ಅಂದೆ.

ಹಿತ್ತಲಿನಲ್ಲಿ ತಗಡಿನ ಬಾಗಿಲು ಹಾಕಿಕೊಂಡು ಕೂತೆ. ಏಳುವಾಗ ಕೆಳಗೆ ನೋಡಿದೆ. ರಕ್ತ. ಮೊದಲೂ ಕಂಡಿದ್ದೆ, ಇಷ್ಟು ಕಂಡಿರಲಿಲ್ಲ. ಗೋಡೆ ಹಿಡಿದುಕೊಂಡು ನಿಂತೆ. ಊರೂರು ಸುತ್ತಿದವಳು, ಹೆಸರು ಗೊತ್ತಿಲ್ಲದ ಯಾರದೋ ಹಿತ್ತಲಿನಲ್ಲಿ ಸತ್ತರೆ ಅತ್ತೆಗೆ ಸುದ್ದಿ ಮುಟ್ಟಿಸುವವರು ಯಾರು ಎಂಬ ಒಂದೇ ಯೋಚನೆ ತಲೆಯಲ್ಲಿ ಗಿರಗಿರ ತಿರುಗಿತು.

ಮುಖ ತೊಳೆದು ಹೊರಗೆ ಬಂದರೆ ಹಣೆಗೆ ಕುಂಕುಮ ಇಟ್ಟರು, ಕುರ್ಚಿಯ ಮೇಲೆ ಕೂರಿಸಿದರು, ಕೈಗೆ ಸಜ್ಜಿಗೆ ಅವಲಕ್ಕಿಯ ತಟ್ಟೆ ಕೊಟ್ಟರು. ಸೀರೆ ಉಟ್ಟ ಒಬ್ಬ ಹುಡುಗಿ ತಲೆ ತಗ್ಗಿಸಿ ಬಂದು ಚಾ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಆಗ ಗೊತ್ತಾಯಿತು, ಹುಡುಗಿ ನೋಡುವ ಶಾಸ್ತ್ರ. ಗಂಡಿನ ಕಡೆಯವರು ಬರುವ ಹೊತ್ತಿಗೆ ನಾನು ಬಂದಿದ್ದೆ. ತಪ್ಪು ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಜೀಪು ಬಂದು ನಿಂತು ನಿಜವಾದ ಗಂಡಿನ ಕಡೆಯವರು ಇಳಿದರು. ಅವರು ನನ್ನನ್ನು ಹೆಣ್ಣಿನ ಕಡೆಯವಳು ಎಂದುಕೊಂಡು ಕೈ ಮುಗಿದರು. ನಾನೂ ಮುಗಿದೆ. ಎರಡೂ ಕಡೆಯ ಮರ್ಯಾದೆ ತೆಗೆದುಕೊಂಡು ಮೆಲ್ಲಗೆ ಪಕ್ಕದ ಬಾಗಿಲಿನಿಂದ ಜಾರುವಾಗ, ಮೂಲೆಯಲ್ಲಿ ಕೂತಿದ್ದ ಆ ಮನೆಯ ಅಜ್ಜಿ ಮಗಳಿಗೆ ಹೇಳುವುದು ಕೇಳಿಸಿತು:

"ಈ ಸಂಬಂಧ ಬ್ಯಾಡ್ವೇ. ಆ ಮನೆಯವರ ಹೊಟ್ಟೆಯೇ ಸಮ ಇಲ್ಲ. ಬಂದವಳು ಮನೆ ನೋಡ್ಲಿಲ್ಲ, ಹುಡುಗಿ ನೋಡ್ಲಿಲ್ಲ, ಸೀದಾ ಪಾಯಿಖಾನೆ ನೋಡಿದ್ಳು."

ಇಲಿಯದ್ದೋ, ಮನುಷ್ಯರದ್ದೋ

ಆ ರಕ್ತ ನನ್ನನ್ನು ಮಂಗಳೂರಿನ ಹೊಟ್ಟೆ ಡಾಕ್ಟರ ಮುಂದೆ ಕೂರಿಸಿತು. ಜೊತೆಗೆ ಅತ್ತೆ, ಮತ್ತು ಕುಮಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಅಣ್ಣ. ಡಾಕ್ಟರದು ಮೆತ್ತಗಿನ ಧ್ವನಿ. ಮೆತ್ತಗೆ ಮಾತಾಡುವ ಡಾಕ್ಟರರನ್ನು ಕಂಡರೆ ನನಗೆ ಹೆದರಿಕೆ ಹೆಚ್ಚು, ಗದರುವವರು ರೋಗಿ ಉಳಿಯುತ್ತಾನೆಂದು ನಂಬಿರುತ್ತಾರೆ.

"ಕರುಳು ಪಕ್ಕಕ್ಕೆ ಸುರಂಗ ಕೊರೆಯಲಿಕ್ಕೆ ಶುರು ಮಾಡಿದೆ" ಎಂದರು. "ಹೀಗೇ ಬಿಟ್ಟರೆ ಮತ್ತೆ ಕೊಯ್ಯಬೇಕಾಗ್ತದೆ. ಈ ಸಲ ಕೊಯ್ದರೆ ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಇರಬೇಕಾಗಿ ಬರಬಹುದು. ಅದರ ಮೊದಲು ಹೊಸ ನಮೂನೆಯ ಮದ್ದು ನೋಡಬಹುದು. ಎರಡಿವೆ."

ಒಂದು, ಇನ್‌ಫ್ಲಿಕ್ಸಿಮಾಬ್. ಆಸ್ಪತ್ರೆಗೇ ಬಂದು ಮಲಗಿ, ಡ್ರಿಪ್ಪಿನಲ್ಲಿ ನಿಧಾನಕ್ಕೆ ಏರಿಸಿಕೊಳ್ಳುವುದು. ಶುರುವಿನಲ್ಲಿ ಹತ್ತಿರ ಹತ್ತಿರ, ಆಮೇಲೆ ಎಂಟು ವಾರಕ್ಕೊಮ್ಮೆ. ಇನ್ನೊಂದು, ಅಡಾಲಿಮುಮಾಬ್. ಪೆನ್ನಿನ ಹಾಗಿರುವ ಸೂಜಿ, ಎರಡು ವಾರಕ್ಕೊಮ್ಮೆ ಮನೆಯಲ್ಲೇ ತೊಡೆಗೆ ಚುಚ್ಚಿಕೊಳ್ಳುವುದು. ಆದರೆ ಆಗ ಅದು ನಮ್ಮಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ, ಹೊರದೇಶದಿಂದ ಬರುವವರು ತಣ್ಣಗೆ ಇಟ್ಟುಕೊಂಡು ತರಬೇಕು. ಎರಡೂ ಮೈಯ ಕಾವಲುಗಾರರನ್ನು ಮಲಗಿಸುವ ಮದ್ದುಗಳೇ. ಅವರು ಮಲಗಿದರೆ ನಿಜವಾದ ಕಳ್ಳರೂ ಒಳಗೆ ಬರಬಹುದು. ಜ್ವರ, ಸೋಂಕು, ಮೈಯಲ್ಲಿ ಮಲಗಿರುವ ಕ್ಷಯ ಏಳುವುದು, ಅಪರೂಪಕ್ಕೆ ಒಂದು ಜಾತಿಯ ಕ್ಯಾನ್ಸರು.

"ಯಾವುದು ಒಳ್ಳೆಯದು ಡಾಕ್ಟ್ರೇ?" ಅಣ್ಣ ಕೇಳಿದ. ಅವನಿಗೆ ನಲ್ಲಿಯಾದರೂ ಮದ್ದಾದರೂ ಒಂದೇ ಪ್ರಶ್ನೆ.

"ಎರಡಕ್ಕೂ ಅದರದ್ದೇ ಒಳಿತು ಕೆಡುಕು ಇದೆ. ಸುರಂಗಕ್ಕೆ ಡ್ರಿಪ್ಪಿನ ಅನುಭವ ನಮಗೆ ಹೆಚ್ಚು. ಆದರೆ ಅದರಲ್ಲಿ ಸ್ವಲ್ಪ ಇಲಿಯ ಅಂಶ ಇದೆ. ಕೆಲವರ ಮೈಗೆ ಅದು ಹಿಡಿಸುವುದಿಲ್ಲ, ಏರಿಸುವಾಗಲೇ ಅಲರ್ಜಿ ಆಗಬಹುದು. ಪೆನ್ನಿನದ್ದು ಪೂರ್ತಿ ಮನುಷ್ಯರ ಅಂಶ. ನೀವು ಯೋಚನೆ ಮಾಡಿ ಆರಿಸಿ."

ಇಲಿ ಎಂದ ಕೂಡಲೇ ಅತ್ತೆ ಎದ್ದು ಹೋಗುತ್ತಾಳೆ ಎಂದುಕೊಂಡೆ. ಆಕೆ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಇಲಿ ಇರ್ಲಿ. ಅದು ನಮ್ಮ ಕಂಡು ಗೊತ್ತಿದ್ದ ಪ್ರಾಣಿ. ಮನುಷ್ಯರದ್ದು ಅಂದ್ರಲ್ಲ, ಅದು ಯಾರದ್ದು?"

"ಯಾರದ್ದೂ ಅಲ್ಲ ಅಮ್ಮ, ಲ್ಯಾಬಿನಲ್ಲಿ ಮಾಡ್ತಾರೆ."

"ಮಾಡ್ಲಿ. ಮೊದಲು ಒಬ್ಬ ಇದ್ದಿರ್ಬೇಕಲ್ಲ? ಎಲ್ಲಿಯವ? ಕುಡೀತಿದ್ನಾ? ಸ್ವಭಾವ ಹ್ಯಾಂಗೆ? ನಾಳೆ ಇವಳಿಗೆ ಅವನ ಬುದ್ಧಿ ಬಂದ್ರೆ ಎಂತ ಮಾಡೂದು?"

ಡಾಕ್ಟರು ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿದರು.

ವಾಪಸು ರೈಲಿನಲ್ಲಿ ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದೆ. ಹೊಟ್ಟೆಯ ಮೇಲೆ ಕಟ್ಟುವ ಚೀಲ ಕಣ್ಣೆದುರು ತೂಗಾಡುತ್ತಿತ್ತು. ಅತ್ತೆ ಮೊಣಕೈಯಿಂದ ತಿವಿದಳು. ನಮ್ಮ ಕಡೆ ಕಿರಿಯ ಹೆಂಗಸರನ್ನು ಕರೆಯುವುದೇ ತಂಗಿ ಎಂದು.

"ಇಲಿಯದ್ದೇ ಆಗ್ಲಿ, ತಂಗೀ. ಇಡಗುಂಜಿ ಗಣಪತಿ ಅಷ್ಟು ದೊಡ್ಡ ಹೊಟ್ಟೆಯನ್ನ ಇಲಿ ಮೇಲೇ ಹೊರಿಸಿದ್ದಾನೆ. ನಿನ್ನ ಹೊಟ್ಟೆ ಅದಕ್ಕೆ ಯಾವ ಲೆಕ್ಕ?"

ಅಣ್ಣನಿಗೆ ಇಂಥ ಕಡೆ ಸತ್ಯ ಹೇಳದಿದ್ದರೆ ಸಮಾಧಾನವಿಲ್ಲ. "ಅತ್ತೇ, ಇಡಗುಂಜಿ ಗಣಪತಿಯ ಹತ್ರ ಇಲಿಯೇ ಇಲ್ಲ. ನೀನೇ ಎಷ್ಟು ಸಲ ನೋಡಿದ್ದೆ. ಎರಡು ಕೈ, ನಿಂತದ್ದು, ಇಲಿ ಮಾತ್ರ ಇಲ್ಲ."

ಅತ್ತೆ ಎಲೆಗೆ ಸುಣ್ಣ ಹಚ್ಚಿದಳು.

"ಹೌದು, ಇಲ್ಲ. ಮಂಗಳೂರಿಗೆ ಕಳಿಸಿದ್ದಾನೆ."

ಭಟ್ಕಳದ ಫ್ರಿಜ್ಜು

ನನ್ನ ಮನಸ್ಸು ಮಾತ್ರ ಪೆನ್ನಿನ ಕಡೆಗೆ ವಾಲುತ್ತಿತ್ತು. ಪೆನ್ನಾದರೆ ಚೀಲಕ್ಕೆ ಹಾಕಿಕೊಂಡು ಮತ್ತೆ ಊರು ಬಿಡಬಹುದು. ಡ್ರಿಪ್ಪು ಎಂದರೆ ಕುತ್ತಿಗೆಗೆ ಹಗ್ಗ, ಎಷ್ಟು ದೂರ ಮೇಯ್ದರೂ ಎಂಟು ವಾರಕ್ಕೊಮ್ಮೆ ಮಂಗಳೂರಿನ ಗೂಟಕ್ಕೆ ಬರಬೇಕು.

ಆಗ ಭಟ್ಕಳದ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಳು. "ನಮ್ಮ ಅತ್ತೆಗೆ ಸಂಧಿವಾತ ಅಲ್ವಾ, ಅವರಿಗೆ ಅದೇ ಪೆನ್ನು. ನನ್ನ ಗಂಡ ದುಬೈಯಿಂದ ತರ್ತಾರೆ. ಬಂದು ನೋಡು." ಅವಳ ಮನೆಮಾತು ಭಟ್ಕಳದ ಮುಸ್ಲಿಮರ ನವಾಯತಿಯಾದರೂ ನನ್ನ ಜೊತೆ ಶಾಲೆಯಿಂದಲೂ ಕನ್ನಡ.

ಅವಳ ಅತ್ತೆ ಮಂಚದ ಮೇಲೆ ದಿಂಬಿಗೊರಗಿ ದರ್ಬಾರು ಮಾಡುತ್ತಿದ್ದರು. "ಆವ್ ಬೇಟಿ, ಕೂತ್ಕೋ. ಪೆನ್ನು ತೋರ್ಸೇ" ಎಂದು ಸೊಸೆಗೆ ಹೇಳಿದರು. ಫ್ರಿಜ್ಜಿನ ಮಧ್ಯದ ಅಂತಸ್ತಿನಲ್ಲಿ, ಒಂದು ಕಡೆ ಉಪ್ಪಿನಕಾಯಿ, ಇನ್ನೊಂದು ಕಡೆ ಮದುವೆಗೆ ತಂದಿಟ್ಟ ಮೆಹಂದಿ ಕೋನುಗಳು. ನಡುವೆ ಬಟ್ಟೆಯಲ್ಲಿ ಸುತ್ತಿದ ಪೆನ್ನಿನ ಪೆಟ್ಟಿಗೆ ನವಜಾತ ಶಿಶುವಿನಂತೆ ಮಲಗಿತ್ತು.

"ತಣ್ಣಗಿರಬೇಕು, ಹೆಪ್ಪುಗಟ್ಟಬಾರ್ದು. ಹೆಪ್ಪುಗಟ್ಟಿದ್ರೂ ಹಾಳು, ಬಿಸಿ ಆದ್ರೂ ಹಾಳು" ಎಂದು ಗೆಳತಿ ಹೇಳುತ್ತಿದ್ದಂತೆ ಕರೆಂಟು ಹೋಯಿತು.

ಆ ಮನೆ ಯುದ್ಧಕ್ಕೆ ಎದ್ದ ಹಾಗೆ ಎದ್ದಿತು. "ಫ್ರಿಜ್ ಮುಟ್ಬೇಡಿ!" ಎಂದು ಮಂಚದಿಂದ ಆಜ್ಞೆ ಹೊರಟಿತು. ಗೆಳತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮೈದುನ ಸ್ಕೂಟರ್ ಹತ್ತಿ ತೆಂಗಿನಗುಂಡಿಗೆ ಹೋದ. ಅಲ್ಲಿ ದೋಣಿಗಳಿಗೆ ತುಂಬುವ ಮೀನಿನ ಐಸು ಸಿಗುತ್ತದೆ. ಐಸು ಬಂತು, ಜೊತೆಗೆ ಐಸಿಗೆ ಅಂಟಿಕೊಂಡ ಎರಡು ಬಂಗಡೆಯೂ ಬಂದವು. ಮದ್ದಿನ ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸಿಗೆ ನೇರ ತಾಗದಂತೆ ಟವೆಲ್ ಹಾಸಿ, ಡಬ್ಬದಲ್ಲಿ ಇಳಿಸಿದರು. ನಮ್ಮ ಕುಮಟೆಯ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟು ಅತಿಥಿಯ ಹಾಗೆ ಬಂದು ಹೋಗುತ್ತದೆ. ದುಬೈಯಿಂದ ಬರುವವರ ರಜೆ ರದ್ದಾದರೆ? ವಿಮಾನ ತಡವಾದರೆ? ನನ್ನ ಕರುಳೂ ಹಿಡಿದ ಬಂಗಡೆಯೂ ಒಂದೇ ಐಸಿನ ಮೇಲೆ ಬದುಕಬೇಕು.

ಹೆದರಿಕೆ ಮುಚ್ಚಿಕೊಳ್ಳಲು ಕೇಳಿದೆ, "ಚುಚ್ಚುವಾಗ ನೋವಾಗ್ತದಾ?"

"ಸೊಸೆ ಚುಚ್ಚಿದ್ರೆ ಪ್ರಾಣ ಹೋಗ್ತದೆ" ಎಂದರು ಮಂಚದ ಮೇಲಿನ ಅಜ್ಜಿ, ಸೊಸೆ ಅಲ್ಲೇ ಇದ್ದಾಳೆ ಎಂಬ ಸಂಕೋಚ ಎಳ್ಳಷ್ಟೂ ಇಲ್ಲದೆ. "ಮಗ ರಜೆಯಲ್ಲಿ ಬಂದು ಚುಚ್ತಾನೆ ನೋಡು, ಮಾಶಾಲ್ಲಾ, ಇರುವೆ ಕಚ್ಚಿದ್ದೂ ಗೊತ್ತಾಗೂದಿಲ್ಲ."

ಗೆಳತಿ ಫ್ರಿಜ್ಜಿಗೆ ಒರಗಿದಲ್ಲಿಂದಲೇ ನನ್ನ ಕಿವಿಗೆ ಬಗ್ಗಿದಳು.

"ಆಗಲೂ ಚುಚ್ಚೂದು ನಾನೇ. ಇವರು ಸೂಜಿ ನೋಡಬಾರ್ದು ಅಂತ ಕಣ್ಣು ಮುಚ್ಚಿರ್ತಾರೆ. ನನ್ನ ಗಂಡನೂ ಮುಚ್ಚಿರ್ತಾರೆ."

ತೋಳಿನ ಮೇಲಿನ ಸುತ್ತು

ಯಾವ ಮದ್ದಾದರೂ ಮೊದಲು ಮೈಯಲ್ಲಿ ಕ್ಷಯ ಅಡಗಿಲ್ಲ ಎಂದು ಗೊತ್ತಾಗಬೇಕು. ಎದೆಯ ಎಕ್ಸ್‌ರೇ ಆಯಿತು. ಕುಮಟೆಯ ನಮ್ಮ ಡಾಕ್ಟರಲ್ಲಿ ಮುಂಗೈ ಚರ್ಮದೊಳಗೆ ಒಂದು ಸಣ್ಣ ಇಂಜೆಕ್ಷನ್ನೂ ಆಯಿತು. ಎರಡು ಮೂರು ದಿನ ಬಿಟ್ಟು ಆ ಜಾಗ ಗಟ್ಟಿಯಾಗಿ ಉಬ್ಬಿದರೆ ಒಳಗೆ ಕ್ಷಯ ಇರಬಹುದು ಎಂದು ಲೆಕ್ಕ. ಹಾಗಾದರೆ ಮೊದಲು ಅದಕ್ಕೆ ಮದ್ದು, ಆಮೇಲೆ ಇದಕ್ಕೆ. ಅಷ್ಟರವರೆಗೆ ಸುರಂಗ ಸುಮ್ಮನೆ ಕೂರುವುದಿಲ್ಲ.

ಜಾಗ ಗುರುತಿರಲಿ ಎಂದು ನರ್ಸು ಬಾಲ್‌ಪೆನ್ನಿನಿಂದ ಒಂದು ಸುತ್ತು ಗೆರೆ ಎಳೆದಿದ್ದಳು. ನಾನು ಮನೆಗೆ ಬಂದು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಯಾರಿಗೂ ಹೇಳಲಿಲ್ಲ. ಕ್ಷಯ ಎಂಬ ಮಾತು ಕೇರಿಯಲ್ಲಿ ಹೊರಟರೆ ನಮ್ಮ ಮನೆಯ ಲೋಟದಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಆದರೆ ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಿ ತೋಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಡಿಮೆ ದುಡ್ಡಿನ ವಸತಿಗೃಹಗಳಲ್ಲಿ ಪಕ್ಕದ ಹಾಸಿಗೆಯಲ್ಲಿ ಕೆಮ್ಮಿದವರನ್ನೆಲ್ಲ ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡು ಶಪಿಸಿದೆ.

ಮಾರನೆಯ ದಿನ ಊಟವಾಗಿ ಕಣ್ಣು ಹತ್ತಿತ್ತು. ತೋಳಿಗೆ ಎಂತದೋ ತಣ್ಣಗೆ ತಾಗಿ ಎಚ್ಚರಾಯಿತು. ಅತ್ತೆ ಪಕ್ಕದಲ್ಲಿ ಕೂತು, ಕೆಮ್ಮಣ್ಣು ಮತ್ತು ಗರಿಕೆ ಅರೆದು ನನ್ನ ಮುಂಗೈಗೆ ದಪ್ಪಗೆ ಮೆತ್ತುತ್ತಿದ್ದಳು. ಕಣ್ಣಲ್ಲಿ ದಳದಳ ನೀರು.

"ಅತ್ತೇ, ಎಂತ ಮಾಡಿದೆ!"

"ನೀ ಸುಮ್ಗಿರು. ನಂಗೆ ಗೊತ್ತಾಗೂದಿಲ್ಲ ಅಂತ ಮುಚ್ಚಿಟ್ಯಾ? ಸರ್ಪಸುತ್ತು ಅದು. ತಲೆ ಬಾಲ ಕೂಡೂಕಿಂತ ಮೊದ್ಲು ಹಚ್ಚಬೇಕಿತ್ತು. ನೋಡಿದ್ರೆ ಸುತ್ತು ಪೂರಾ ಆಗಿ ಹೋಯ್ದು, ತಲೆ ಬಾಲ ಕೂಡೇ ಹೋಯ್ದು..." ಮುಂದೆ ಮಾತು ಹೊರಡಲಿಲ್ಲ. ಸರ್ಪಸುತ್ತು ಮೈ ಸುತ್ತಿ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ನರ್ಸು ಪಾಪ, ಗೆರೆಯನ್ನು ಬಹಳ ಅಚ್ಚುಕಟ್ಟಾಗಿ ಕೂಡಿಸಿದ್ದಳು.

ಎಷ್ಟು ತೊಳೆದರೂ ಕೆಂಪು ಹೋಗಲಿಲ್ಲ. ಗಡುವಿನ ದಿನ ಅತ್ತೆಯೂ ಜೊತೆಗೇ ಡಾಕ್ಟರಲ್ಲಿಗೆ ಬಂದಳು. ತೋಳು ಕಂಡು ಡಾಕ್ಟರು ಬೆಚ್ಚಿದರು. ಕತೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಬಣ್ಣ ಯಾವುದಾದರೂ ಇರ್ಲಿ, ನಾನು ನೋಡೂದು ಗಟ್ಟಿ" ಎಂದು ಬೆರಳಿನಿಂದ ತಡವಿದರು. ಮತ್ತೊಮ್ಮೆ ತಡವಿದರು. "ಎಂತದೂ ಇಲ್ಲ. ಚಪ್ಪಟೆ. ಎಕ್ಸ್‌ರೇಯೂ ಸಮ ಇದೆ."

ಅತ್ತೆ ಕೈ ಮುಗಿದಳು. "ಗುಣ ಆತಾ? ಎರಡೇ ದಿನದಲ್ಲಿ! ನಮ್ಮಜ್ಜಿ ಹೇಳಿಕೊಟ್ಟ ಮದ್ದು ಡಾಕ್ಟ್ರೇ."

"ಅದು ಸರ್ಪ ಅಲ್ಲ ಮಾರಾಯ್ತಿ, ನಮ್ಮ ನರ್ಸಿನ ಬಾಲ್‌ಪೆನ್ನು."

"ಬಾಲ್‌ಪೆನ್ನೇ ಇರ್ಲಿ. ಹೋತಲ್ಲ?"

ಪ್ರಸಾದ ಕೇಳಿದ್ದು

ದಾರಿ ತೆರೆಯಿತು, ಆದರೆ ಎರಡು ದಾರಿ. ಡಾಕ್ಟರಿಗೆ ಉತ್ತರ ಹೇಳಬೇಕು. ಬೆಳಿಗ್ಗೆ ಪೆನ್ನು ಎಂದು ಏಳುತ್ತಿದ್ದೆ, ಮಧ್ಯಾಹ್ನಕ್ಕೆ ಡ್ರಿಪ್ಪು, ಸಂಜೆಗೆ ಎರಡೂ ಬೇಡ, ಹೀಗೇ ಸತ್ತರೆ ಆಯಿತು. ಯಾವುದನ್ನು ಆರಿಸಿದರೂ ಬಿಟ್ಟದ್ದೇ ಸರಿಯಾಗಿತ್ತೇನೋ ಎಂಬ ಭಯ. ತಪ್ಪಿದರೆ ಬೈಯಲು ನನ್ನ ಹೊರತು ಯಾರೂ ಇಲ್ಲ.

"ಇದಕ್ಕೆಲ್ಲ ಮನುಷ್ಯರ ಬುದ್ಧಿ ಸಾಲೂದಿಲ್ಲ. ಪ್ರಸಾದ ಕೇಳ್ವಾ" ಎಂದಳು ಅತ್ತೆ.

ನಮ್ಮ ಕುಲದೇವರ ಗುಡಿ ಹೊನ್ನಾವರದ ಆಚೆ ಒಂದು ಹಳ್ಳಿಯಲ್ಲಿದೆ. ಅಲ್ಲಿ ಭಟ್ಟರು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವರ ಮೈಯ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಪ್ರಶ್ನೆ ಹೇಳಬೇಕು, ಕಾಯಬೇಕು. ಬಲಗಡೆಯದ್ದು ಬಿದ್ದರೆ ಹೌದು, ಎಡಗಡೆಯದ್ದು ಬಿದ್ದರೆ ಅಲ್ಲ. ನಾನು ನಂಬುವವಳಲ್ಲ. ಆದರೆ ಅವತ್ತು ರೈಲ್ವೆ ಸಿಗ್ನಲ್ಲು ಹೇಳಿದರೂ ಕೇಳುತ್ತಿದ್ದೆ.

ನಮ್ಮ ಮುಂದಿದ್ದವರು ಕಳೆದುಹೋದ ಎಮ್ಮೆಯ ಬಗ್ಗೆ ಕೇಳಿ ತೃಪ್ತರಾಗಿ ಹೋದರು. ನಮ್ಮ ಹಿಂದೆ, ಬೋಟಿಗೆ ಹೊಸ ಇಂಜಿನ್ ಹಾಕಿಸಲೋ ಬೇಡವೋ ಎಂದು ಕೇಳಲು ಬಂದ ಒಬ್ಬ ಬೋಟಿನ ಯಜಮಾನರು. ಭಟ್ಟರಿಗೆ ಅತ್ತೆ ಇಡೀ ಕತೆ ಹೇಳಿದಳು, ಇಲಿಯನ್ನೂ ಬಿಡದೆ.

ಭಟ್ಟರು ತಲೆ ಕೆರೆದುಕೊಂಡರು. "ದೇವರಿಗೆ ಹೌದೋ ಅಲ್ಲವೋ ಅನ್ನುವುದು ಅಭ್ಯಾಸ. ಇದು ಯಾವುದು ಅನ್ನುವ ಪ್ರಶ್ನೆ. ಇರಲಿ. ಬಲಕ್ಕೆ ಡ್ರಿಪ್ಪು, ಎಡಕ್ಕೆ ಪೆನ್ನು ಅಂತ ಹೇಳಿಕೊಳ್ಳುವ."

ಹೇಳಿಕೊಂಡರು. ಕಾದೆವು. ಎಸಳು ಅಲುಗಲಿಲ್ಲ. ಅತ್ತೆಯ ತುಟಿ ಅಲುಗುತ್ತಿತ್ತು. ಗರ್ಭಗುಡಿಯ ದೀಪ, ಎಣ್ಣೆಯ ವಾಸನೆ, ಕಲ್ಲಿಗೆ ಅಂಟಿಕೊಂಡ ಎರಡು ಒದ್ದೆ ಎಸಳು. ನನ್ನ ಕರುಳು ಅಲ್ಲಿಯೇ ಅಂಟಿಕೊಂಡ ಹಾಗಿತ್ತು. ಭಟ್ಟರು ಗಂಟೆ ಬಾರಿಸಿದರು, ಮತ್ತೊಮ್ಮೆ ಪ್ರಾರ್ಥನೆ ಮಾಡಿದರು. ಇಲ್ಲ.

ಹಿಂದಿನಿಂದ ಬೋಟಿನ ಯಜಮಾನರು ಮೆಲ್ಲಗೆ ಹೇಳಿದರು, "ತಂಗೀ, ನಿಂದು ಹೊಸ ಮದ್ದಲ್ವಾ? ದೇವರಿಗೂ ಓದ್ಕಣೂಕೆ ಸ್ವಲ್ಪ ಟೈಮು ಬೇಕು."

ಅಷ್ಟರಲ್ಲಿ ಬಿತ್ತು. ಎಡದ್ದಲ್ಲ, ಬಲದ್ದಲ್ಲ. ಬೆಳಗಿನ ಪೂಜೆಯಲ್ಲಿ ದೇವರ ನೆತ್ತಿಗೆ ಇಟ್ಟಿದ್ದ ದಾಸವಾಳ ಧೊಪ್ಪೆಂದು ನಡುವಿಗೆ ಬಿತ್ತು.

ಎಲ್ಲರೂ ಭಟ್ಟರ ಮುಖ ನೋಡಿದೆವು. ಅವರು ಅನುಭವಸ್ಥರು. "ಅಪ್ಪಣೆ ಸ್ಪಷ್ಟ ಇದೆ. ಮದ್ದು ಕೊಡುವವರು ಯಾರೋ ಅವರ ಬಾಯಿಂದಲೇ ಕೇಳಿ ಅಂತ" ಎಂದರು.

ಗುಡಿಯ ಮೆಟ್ಟಿಲ ಮೇಲೆಯೇ, ಜೊತೆಗೆ ಬಂದಿದ್ದ ಅಣ್ಣ ಮೊಬೈಲಿನಲ್ಲಿ ಮಂಗಳೂರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಡಾಕ್ಟರು ಎಂದಿನ ಮೆತ್ತಗಿನ ಧ್ವನಿಯಲ್ಲಿ, "ನಾನು ಹೇಳುವುದೆಲ್ಲ ಹೇಳಿದ್ದೇನೆ. ಇನ್ನು ನೀವು ನಂಬುವ ದೇವರಿದ್ದರೆ ಒಮ್ಮೆ ಕೇಳಿಕೊಂಡು ನಿರ್ಧಾರ ಮಾಡಿ" ಎಂದರು.

ಜೊತೆಗೆ ಬಂದವರು

ಕಡೆಗೆ ಆರಿಸಿದ್ದು ಡ್ರಿಪ್ಪು. ಜಾಣತನ ಎಂತದೂ ಇರಲಿಲ್ಲ. ಪೆನ್ನು ಹಿಡಿದು ಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ಚುಚ್ಚಿಕೊಂಡ ಮೇಲೆ ಏನಾದರೂ ಆದರೆ ನೋಡುವವರು ಯಾರು? ಒಬ್ಬಳೇ ಗಡಿ ದಾಟಿದ್ದೇನೆ, ಒಬ್ಬಳೇ ಮರುಭೂಮಿಯಲ್ಲಿ ಕೆಟ್ಟ ಬಸ್ಸಿನ ಪಕ್ಕ ರಾತ್ರಿ ಕಳೆದಿದ್ದೇನೆ. ಈ ಒಂದು ಕೆಲಸ ಮಾತ್ರ ಒಬ್ಬಳೇ ಮಾಡಲಾರೆ ಎನ್ನಿಸಿತು. ಡ್ರಿಪ್ಪಾದರೆ ಪಕ್ಕದಲ್ಲಿ ನರ್ಸು, ಕೂಗಿದರೆ ಡಾಕ್ಟರು, ನನ್ನ ಮೇಲೆಯೇ ನಾಲ್ಕು ಜನರ ಕಣ್ಣು. ನನಗೆ ಬೇಕಾದದ್ದು ಆ ಕಣ್ಣುಗಳು.

ಅಣ್ಣನಿಗೆ ಅಂಗಡಿ. ಅತ್ತೆ ಜೊತೆಗೆ ಬಂದಳು. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿ ಕೈಗೆ ಸೂಜಿ ಚುಚ್ಚಿದರು. ನರ್ಸು ಒಳ್ಳೆಯ ಹುಡುಗಿ, ಎಲ್ಲ ಬಿಡಿಸಿ ಹೇಳಿದಳು. "ಮೊದಲು ತುಂಬ ನಿಧಾನಕ್ಕೆ ಬಿಡ್ತೇವೆ. ತುರಿಕೆ, ಎದೆ ಬಿಗಿಯೋದು, ಉಸಿರು ಕಟ್ಟೋದು, ಚಳಿ, ತಲೆ ತಿರುಗೋದು, ಇದರಲ್ಲಿ ಎಂತ ಆದ್ರೂ ಕೂಡ್ಲೇ ಹೇಳಿ. ನಾವು ನಿಲ್ಲಿಸ್ತೇವೆ." ನನಗಿಂತ ಗಮನ ಕೊಟ್ಟು ಕೇಳಿದವಳು ಅತ್ತೆ.

ಮೊದಲ ಹನಿ ನಳಿಗೆಯಲ್ಲಿ ಇಳಿಯಿತು. ನಾನು ಅದನ್ನೇ ನೋಡುತ್ತಿದ್ದೆ. ಇನ್ನೊಂದು ಹನಿ. ನನ್ನೊಳಗೆ ಹೋಗುವುದು ಮದ್ದೋ ಮೃತ್ಯುವೋ ಎಂದು ಹನಿ ಎಣಿಸತೊಡಗಿದೆ.

"ತುರಿಸ್ತಾ?" ಅತ್ತೆ.

"ಇಲ್ಲ."

"ಎದೆ?"

"ಇಲ್ಲ ಅತ್ತೇ."

"ತಲೆ ತಿರುಗ್ತಾ?"

"ನೀ ಕೇಳಿ ಕೇಳಿ ತಿರುಗ್ತದೆ."

ಇನ್ನಷ್ಟು ಹನಿ ಇಳಿದವು. ಮತ್ತೆ ಅತ್ತೆಯ ಧ್ವನಿ, ಸಣ್ಣಗೆ. "ತಂಗೀ, ನಂಗೆ ಕೈ ತುರಿಸ್ತು."

"ಸೊಳ್ಳೆ ಇರಬಹುದು."

"ಎದೆಯೂ ಬಿಗೀತು. ಚಳಿ ಚಳಿ ಆಗ್ತು." ತಿರುಗಿ ನೋಡಿದೆ. ಮುಖ ಬಿಳಿಚಿಕೊಂಡಿತ್ತು. "ಸಿಸ್ಟರ್!" ಎಂದು ನಾನು ಕೂಗುವುದಕ್ಕೂ ಅತ್ತೆ ಕುರ್ಚಿಯಿಂದ ನೆಲಕ್ಕೆ ಜಾರುವುದಕ್ಕೂ ಸರಿಹೋಯಿತು.

ನರ್ಸು ಓಡಿ ಬಂದಳು. ಇನ್ನೊಬ್ಬಳು ಬಂದಳು. ಡಾಕ್ಟರು ಬಂದರು, ಅವರ ಹಿಂದೆ ಕಲಿಯುವ ಡಾಕ್ಟರುಗಳ ಗುಂಪೂ ಬಂತು. ಅತ್ತೆ ಹೇಳಿದ ಲಕ್ಷಣಗಳೆಲ್ಲ ಪುಸ್ತಕದಲ್ಲಿ ಇದ್ದ ಹಾಗೇ ಇದ್ದವು, ಮದ್ದು ಏರಿಸಿದ್ದು ಮಾತ್ರ ಬೇರೆಯವರಿಗೆ. ಅತ್ತೆಯನ್ನು ಪಕ್ಕದ ಹಾಸಿಗೆಗೆ ಎತ್ತಿ, ನಡುವೆ ಪರದೆ ಎಳೆದರು.

ಪರದೆಯ ಈಚೆ ನಾನು ಒಬ್ಬಳೇ. ನೋಡಲಿ ಎಂದು ಡ್ರಿಪ್ಪು ಆರಿಸಿದ್ದೆನಲ್ಲ, ಆ ಕಣ್ಣುಗಳೆಲ್ಲ ಆಚೆ. ಹನಿ ಬೀಳುತ್ತಲೇ ಇತ್ತು. ನನ್ನ ಮೂಗು ತುರಿಸಿತು. ಇದೇನಾ ಅದು? ಕೂಗಲೇ? ಆಚೆ ಅತ್ತೆಯ ನರಳಾಟ ಕೇಳುತ್ತಿತ್ತು. ಕೂಗಿದರೆ ಅತ್ತೆಯನ್ನು ಬಿಟ್ಟು ನನ್ನ ಹತ್ತಿರ ಓಡಿ ಬರುತ್ತಾರೆ. ಮೂಗು ಕೆರೆದುಕೊಂಡೆ. ತುರಿಕೆ ಹೋಯಿತು. "ಅತ್ತೇ, ನಾ ಇಲ್ಲೇ ಇದ್ದೆ, ಹೆದರಬೇಡ" ಎಂದು ಪರದೆಗೆ ಹೇಳಿದೆ. "ಹೂಂ" ಎಂದಿತು ಪರದೆ.

ಆಮೇಲೆ ಗೊತ್ತಾಯಿತು, ನನ್ನ ಡ್ರಿಪ್ಪು ಸುಸೂತ್ರ ಆಗುವವರೆಗೆ ನೀರೂ ಮುಟ್ಟುವುದಿಲ್ಲ ಎಂದು ಅತ್ತೆ ಹರಕೆ ಹೊತ್ತಿದ್ದಳು. ಹಿಂದಿನ ದಿನದಿಂದ ಹೊಟ್ಟೆಗೆ ಎಂತದೂ ಇಲ್ಲ. ಡಾಕ್ಟರು ಮೊದಲ ಸಲ ಗದರಿದರು, ನನಗೆ ಎಷ್ಟೋ ಸಮಾಧಾನವಾಯಿತು. ಗ್ಲೂಕೋಸ್ ಏರಿಸಿದರು. ಪರದೆ ಸರಿಸಿದಾಗ ಇಬ್ಬರೂ ಅಕ್ಕಪಕ್ಕದ ಹಾಸಿಗೆಯಲ್ಲಿ, ಇಬ್ಬರ ಕೈಗೂ ನಳಿಗೆ. ಅತ್ತೆ ನನ್ನ ಬಾಟಲಿ ನೋಡಿ, ತನ್ನ ಬಾಟಲಿ ನೋಡಿ, "ನಂದು ದೊಡ್ಡದು" ಎಂದಳು. ಅವಳನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ನನ್ನ ಮದ್ದು ಮುಗಿದದ್ದೇ ತಿಳಿಯಲಿಲ್ಲ. ಮೈಗೆ ಎಂತದೂ ಆಗಲಿಲ್ಲ.

ಸಂಜೆಯ ರೈಲಿನಲ್ಲಿ ಕುಮಟೆಗೆ ಹೊರಟೆವು. ಇಬ್ಬರ ಕೈಗೂ ಹತ್ತಿಯ ಪಟ್ಟಿ. ಎದುರಿಗೆ ಕೂತ ಹೆಂಗಸಿಗೆ ತಡೆದುಕೊಳ್ಳಲು ಆಗಲಿಲ್ಲ.

"ಆಸ್ಪತ್ರೆಗೆ ಹೋಗಿದ್ರಾ? ಯಾರಿಗೆ ಹುಷಾರಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು ಕೂತಳು.

"ನಂಗೆ. ಎಂತ ಹೇಳೂದು, ಹೋಗಿ ಬಂದ ಜೀವ. ದೊಡ್ಡ ಬಾಟ್ಲಿ ಏರ್ಸಿದ್ರು. ಡಾಕ್ಟ್ರುಗಳ ಹಿಂಡೇ ಬಂದಿತ್ತು." ಮತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಇವಳು ಸುಮ್ನೆ ಜೊತೆಗೆ ಬಂದದ್ದು. ಪಾಪ, ಬಹಳ ಹೆದರಿದ್ಳು" ಎಂದಳು.

"ಹೌದು" ಎಂದೆ.